ಏರಿಸುವುದು ಎಂಜಿನ್, ಇಳಿಸುವುದು ಬ್ರೇಕು

ನಮ್ಮ ಗುಡ್ಡೆಯ ಊರುಗಳಲ್ಲಿ ಈಗ ಒಂದು ಮಾತು ಚಾಲ್ತಿಯಲ್ಲಿ ಉಂಟು. ಯಾರದ್ದಾದರೂ ಹಳೆ ಪೆಟ್ರೋಲ್ ಜೀಪು ಏರಿನಲ್ಲಿ ಸ್ವಲ್ಪ ಬಳಲಿತು ಅಂತಾದರೆ ಅಂಗಡಿ ಜಗಲಿಯಲ್ಲಿ ಕೂತವರು ಕೂಡಲೇ ಮದ್ದು ಹೇಳುತ್ತಾರೆ: "ಅದಕ್ಕೊಂದು ಡೀಸೆಲ್ ಎಂಜಿನ್ ಕೂರಿಸಿ ಮಾರಾಯ್ರೆ, ಮತ್ತೆ ನೋಡಿ." ಹೇಳುವವರಿಗೆ ಇದರಲ್ಲಿ ಖರ್ಚೇನೂ ಇಲ್ಲ. ಕೇಳಿದವ ಅಡಿಕೆ ಮಾರಿದ ದುಡ್ಡನ್ನೋ, ಸೊಸೈಟಿಯ ಸಾಲವನ್ನೋ ಹಿಡಿದುಕೊಂಡು ಗ್ಯಾರೇಜಿಗೆ ಹೋಗುತ್ತಾನೆ. ಈ ಮದ್ದು ತಪ್ಪು, ಬಹಳ ಸಲ ಅಪಾಯದ್ದು, ಈಗಿನ ಕಾಲಕ್ಕೆ ಲಾಭದ್ದೂ ಅಲ್ಲ ಎಂದು ಹೇಳುವುದಕ್ಕೇ ನಾನು ಈ ಲೇಖನ ಬರೆಯುತ್ತಿದ್ದೇನೆ.

ಇದನ್ನು ಹೇಳಲು ನನಗೇನು ಅಧಿಕಾರ ಎಂದು ಕೇಳಬಹುದು. ನಾನು ಎಂಜಿನಿಯರ್ ಅಲ್ಲ. ಇಪ್ಪತ್ತೆರಡು ವರ್ಷ ಈ ಕಡೆಯ ಮಣ್ಣು ರಸ್ತೆಗಳಲ್ಲಿ ಸರ್ವಿಸ್ ಜೀಪು ಓಡಿಸಿದವ. ಈಗ ತೋಟ ನೋಡಿಕೊಂಡು ಇದ್ದೇನೆ. ಪೆಟ್ರೋಲೂ ಓಡಿಸಿದ್ದೇನೆ, ಕಂಪೆನಿಯಿಂದಲೇ ಡೀಸೆಲ್ ಆಗಿ ಬಂದದ್ದನ್ನೂ ಓಡಿಸಿದ್ದೇನೆ, ಎಂಜಿನ್ ಬದಲಿಸಿದ್ದನ್ನೂ ಓಡಿಸಿದ್ದೇನೆ. ಮೂರರ ಗುಣವೂ ಕಾಲಿಗೆ ಮತ್ತು ಕೈಗೆ ಗೊತ್ತುಂಟು.

ಮೊದಲು ಎದುರು ವಾದಕ್ಕೆ ಸಲ್ಲಬೇಕಾದ ಗೌರವ ಕೊಡೋಣ. "ಹಿಂದಿನವರು ಹಾಕಲಿಲ್ಲವಾ? ಅವರೇನು ದಡ್ಡರಾ?" ಎನ್ನುತ್ತಾರೆ. ಹಿಂದಿನವರು ಹಾಕಿದ್ದಾರೆ, ಅವರು ದಡ್ಡರೂ ಅಲ್ಲ. ನಮ್ಮ ಕಡೆ ಬಹಳ ಕಾಲ ಓಡಿದ್ದು ವಿಲ್ಲೀಸ್ ಸಿಜೆ-3ಬಿ ಮಾದರಿಯ ಜೀಪು. ಅಮೆರಿಕದ ವಿಲ್ಲೀಸ್ ಕಂಪೆನಿಯ ಪರವಾನಗಿಯಲ್ಲಿ ಮಹೀಂದ್ರದವರು ಇಲ್ಲಿ ಮಾಡಿದ್ದು. ಅದರಲ್ಲಿದ್ದದ್ದು ಹರಿಕೇನ್ ಎಂಬ ಹೆಸರಿನ 2.2 ಲೀಟರಿನ ಪೆಟ್ರೋಲ್ ಎಂಜಿನ್. ಒಳ್ಳೆಯ ಎಂಜಿನ್, ಆದರೆ ಕುಡಿಯುವುದರಲ್ಲಿ ಕಲ್ಯಾಣಪ್ಪನ ಹಾಗೆ ಧಾರಾಳಿ. ಆ ಕಾಲದಲ್ಲಿ ಡೀಸೆಲಿನ ಬೆಲೆ ಪೆಟ್ರೋಲಿನ ಅರ್ಧದ ಆಸುಪಾಸು ಇತ್ತು. ದಿನಕ್ಕೆ ನಾಲ್ಕು ಟ್ರಿಪ್ಪು ಮುಳ್ಳೇರಿಯಕ್ಕೋ ಬದಿಯಡ್ಕಕ್ಕೋ ಜನ ಸಾಗಿಸುವವನಿಗೆ ಪೆಟ್ರೋಲಿನಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ಮಟಡೋರ್ ವ್ಯಾನಿನ ಎಂಜಿನ್ನೋ, ಮಹೀಂದ್ರದವರೇ ಫ್ರಾನ್ಸಿನ ಪ್ಯೂಜೋ ಕಂಪೆನಿಯ ಪರವಾನಗಿಯಲ್ಲಿ ಮಾಡಿದ 2112 ಸಿ.ಸಿ.ಯ ಡೀಸೆಲ್ಲೋ ತಂದು ಕೂರಿಸಿದರು. ಅದು ಶೋಕಿಯಲ್ಲ, ಜೀವನದ ಪ್ರಶ್ನೆ.

ಆದರೆ ಅವರು ಮಾಡಿದ್ದರಲ್ಲಿ ಒಂದು ಲೆಕ್ಕ ಇತ್ತು. ಸಮಕ್ಕೆ ಸಮ ಬದಲಾವಣೆ ಅದು. ಆ ಹಳೆ ಡೀಸೆಲುಗಳ ಬಲ ಹಳೆ ಪೆಟ್ರೋಲಿಗಿಂತ ಹೆಚ್ಚೇನೂ ಇರಲಿಲ್ಲ. ಇದ್ದ ಬಲ ಕಡಿಮೆ ಸುತ್ತಿನಲ್ಲೇ ಸಿಗುತ್ತಿತ್ತು, ಅಷ್ಟೇ. ಗೇರ್ ಬಾಕ್ಸಿಗೆ, ಹೌಸಿಂಗಿಗೆ, ಬ್ರೇಕಿಗೆ ಹೆಚ್ಚಿನ ಭಾರ ಬೀಳುತ್ತಿರಲಿಲ್ಲ. ಈಗ ಮಾಡುವುದು ಅದಲ್ಲ. ಈಗ ಗುಜರಿಗೆ ಬಂದ ಸ್ಕಾರ್ಪಿಯೋದ ಟರ್ಬೋ ಎಂಜಿನ್ನನ್ನು ಎತ್ತಿ ತಂದು ಐವತ್ತು ವರ್ಷ ಹಳೆಯ ಚಾಸಿಗೆ ವೆಲ್ಡ್ ಮಾಡುತ್ತಾರೆ. ಹಿಂದಿನವರ ಹೆಸರು ಹೇಳಿ ಇದನ್ನು ಸಮರ್ಥಿಸುವುದು ಹಿಂದಿನವರಿಗೆ ಮಾಡುವ ಅನ್ಯಾಯ.

ನಮ್ಮ ಮಾಸ್ಟ್ರುಗಳಿಗೆ ಇಷ್ಟವಾಗುವ ಹಾಗೆ ಸ್ವಲ್ಪ ಲೆಕ್ಕ ಮಾಡೋಣ. ಎಂಜಿನ್ ತಿರುಚುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ, ಅದನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಹಳೆ ಹರಿಕೇನ್ ಎಂಜಿನ್ನಿನ ಟಾರ್ಕ್ ಸುಮಾರು 155. ಸ್ಕಾರ್ಪಿಯೋದ 2.2 ಲೀಟರ್ ಎಂಹಾಕ್ ಎಂಜಿನ್ನಿನ 120 ಕುದುರೆ ಬಲದ ಮಾದರಿಯಲ್ಲಿ ಅದು 290. ಹತ್ತಿರ ಹತ್ತಿರ ಇಮ್ಮಡಿ. ಇನ್ನು ಜೀಪಿನ ಗೇರುಗಳನ್ನು ನೋಡಿ. ಮೂರು ಗೇರಿನ ಆ ಹಳೆ ಬಾಕ್ಸಿನ ಫಸ್ಟ್ ಗೇರಿನಲ್ಲಿ ಬಲ 2.8 ಪಟ್ಟು ಆಗುತ್ತದೆ. ಅದರ ಹಿಂದಿರುವ ಇನ್ನೊಂದು ಬಾಕ್ಸಿನ ಲೋ ಗೇರಿನಲ್ಲಿ 2.46 ಪಟ್ಟು. ಹೌಸಿಂಗಿನ ಕ್ರೌನ್ ಪಿನಿಯನ್ನಿನಲ್ಲಿ 5.38 ಪಟ್ಟು. ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ, ಎಂಜಿನ್ನಿನ ಬಲ 37 ಪಟ್ಟಾಗಿ ಚಕ್ರಕ್ಕೆ ಮುಟ್ಟುತ್ತದೆ. ಜೀಪು ಗುಡ್ಡೆ ಹತ್ತುವುದು ಈ 37ರ ದೆಸೆಯಿಂದ. ಎಂಜಿನ್ ದೊಡ್ಡದಾದ್ದರಿಂದ ಅಲ್ಲ. ಎಂಜಿನ್ 155 ಕೊಡುತ್ತದೆ ಎಂದು ಲೆಕ್ಕ ಹಾಕಿ ಮಾಡಿದ ಹಲ್ಲುಗಳ ಮೇಲೆ 290ನ್ನು 37 ಪಟ್ಟು ಮಾಡಿ ಹೇರಿದರೆ ಏನಾಗುತ್ತದೆ? ಮೊದಲ ಮಳೆಗಾಲದಲ್ಲಿ ಎಕ್ಸೆಲ್ ತುಂಡಾಗುತ್ತದೆ, ಎರಡನೆಯದರಲ್ಲಿ ಪಿನಿಯನ್ನಿನ ಹಲ್ಲು. ಆಗ ಗ್ಯಾರೇಜಿನವರು ಹೇಳುತ್ತಾರೆ, "ಇನ್ನು ಗೇರ್ ಬಾಕ್ಸೂ ಬದಲಿಸಬೇಕು." ಖರ್ಚು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರು.

ಇಷ್ಟು ಏರಿನ ಕತೆ. ನನ್ನ ನಿಜವಾದ ಜಗಳ ಇಳಿಯುವುದರ ಬಗ್ಗೆ.

ದೇಲಂಪಾಡಿ, ಎಣ್ಮಕಜೆ, ಪಾಣತ್ತೂರಿನ ಕಡೆ ರಸ್ತೆ ನೋಡಿದವರಿಗೆ ಗೊತ್ತು. ನಮ್ಮಲ್ಲಿ ಏರಿನಲ್ಲಿ ಜೀಪು ನಿಂತರೆ ಅವಮಾನ ಮಾತ್ರ. ಇಳಿಜಾರಿನಲ್ಲಿ ನಿಲ್ಲದಿದ್ದರೆ ಹೆಣ. ಒಂದು ಬದಿ ಮುರಕಲ್ಲಿನ ಬರೆ, ಇನ್ನೊಂದು ಬದಿ ತೋಡು. ಮಳೆಗಾಲದಲ್ಲಿ ಮುರಮಣ್ಣು ಸಾಬೂನಿನ ಹಾಗೆ. ಅಂಥಲ್ಲಿ ಬಲ್ಲ ಡ್ರೈವರ್ ಬ್ರೇಕನ್ನು ಒತ್ತಿ ಹಿಡಿಯುವುದಿಲ್ಲ. ಲೋ ಗೇರಿಗೆ ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವ ಹಾಗೆ ಇಳಿಸುತ್ತಾನೆ. ಎಂಜಿನ್ ಸಾವಿರ ಸುತ್ತು ತಿರುಗುತ್ತಿದ್ದರೆ 37ರ ಲೆಕ್ಕದಲ್ಲಿ ಜೀಪು ಗಂಟೆಗೆ ಮೂರೂವರೆ ಕಿಲೋಮೀಟರಿನಷ್ಟು ಹೋಗುತ್ತದೆ. ಅದು ಹುಲ್ಲಿನ ಕಟ್ಟ ಹೊತ್ತುಕೊಂಡು ನಡೆಯುವವನ ವೇಗ. ನಮ್ಮ ಗುಡ್ಡೆಗೆ ಬೇಕಾದ ವೇಗ ಅದೇ.

ಡೀಸೆಲ್ ಹಾಕಿದಾಗ ಇಲ್ಲಿ ಮೂರು ಕಡೆ ಪೆಟ್ಟು ಬೀಳುತ್ತದೆ.

ಒಂದನೆಯದು, ಎಂಜಿನ್ನಿನ ಹಿಡಿತ. ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಒಂದು ಬಾಗಿಲು ಉಂಟು. ಕಾಲು ತೆಗೆದ ಕೂಡಲೇ ಅದು ಮುಚ್ಚುತ್ತದೆ. ಪಿಸ್ಟನ್ ಗಾಳಿ ಎಳೆಯಲು ಒದ್ದಾಡುತ್ತದೆ, ಆ ಒದ್ದಾಟವೇ ಗಾಡಿಯನ್ನು ಹಿಡಿಯುತ್ತದೆ. ಹಳೆ ಡೀಸೆಲುಗಳಿಗೆ ಸಾಮಾನ್ಯವಾಗಿ ಆ ಬಾಗಿಲೇ ಇಲ್ಲ. "ಡೀಸೆಲಿಗೆ ಕಂಪ್ರೆಶನ್ ಜಾಸ್ತಿ, ಹಾಗಾಗಿ ಹಿಡಿತ ಜಾಸ್ತಿ" ಎಂದು ಹೇಳುವವರಿದ್ದಾರೆ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ. ಮೇಲೆ ಹೋಗುವಾಗ ತಡೆದದ್ದನ್ನು ಕೆಳಗೆ ಬರುವಾಗ ಬಹುಪಾಲು ಹಿಂದೆ ಕೊಟ್ಟುಬಿಡುತ್ತದೆ. ಆದ್ದರಿಂದ ಆ ಮಾತನ್ನು ನಂಬಿ ಇಳಿಜಾರಿಗೆ ಇಳಿಯಬಾರದು.

ಎರಡನೆಯದು, ಗೇರಿನ ಲೆಕ್ಕ. ಹಳೆ ಪೆಟ್ರೋಲ್ ನಿಮಿಷಕ್ಕೆ 4000 ಸುತ್ತಿನವರೆಗೆ ತಿರುಗುತ್ತಿತ್ತು. ಆಗ ಟಾಪ್ ಗೇರಿನಲ್ಲಿ ಜೀಪಿನ ವೇಗ ಗಂಟೆಗೆ 100 ಕಿಲೋಮೀಟರಿನ ಹತ್ತಿರ. ನಿಧಾನದ ಡೀಸೆಲನ್ನು 2500 ಸುತ್ತಿನಲ್ಲಿ ಓಡಿಸಿದರೆ ಅದೇ ಜೀಪು 63ಕ್ಕೆ ನಿಲ್ಲುತ್ತದೆ. ಕಾಸರಗೋಡಿನ ಹೆದ್ದಾರಿಗೆ ಇಳಿದಾಗ ಹಿಂದಿನಿಂದ ಬಸ್ಸಿನವ ಹಾರ್ನ್ ಹೊಡೆಯುತ್ತಾನೆ. ಮಾಲೀಕನಿಗೆ ಬೇಜಾರು. ಅವ ಗ್ಯಾರೇಜಿಗೆ ಹೋಗಿ ಕ್ರೌನ್ ಪಿನಿಯನ್ ಬದಲಿಸಿ, 5.38 ಇದ್ದಲ್ಲಿ 4.27 ಹಾಕಿಸುತ್ತಾನೆ. ಹೆದ್ದಾರಿಯಲ್ಲಿ ಸುಖ ಆಯಿತು. ಆದರೆ ಗುಡ್ಡೆಯಲ್ಲಿ 37 ಇದ್ದದ್ದು 29ಕ್ಕೆ ಇಳಿಯಿತು. ಇಳಿಜಾರಿನಲ್ಲಿ ಗಾಡಿ ಮೊದಲಿಗಿಂತ ಕಾಲು ಪಾಲು ಹೆಚ್ಚು ವೇಗದಲ್ಲಿ ಜಾರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಮೂರನೆಯದು, ಬ್ರೇಕು. ಹಳೆ ಜೀಪಿನ ನಾಲ್ಕು ಚಕ್ರಕ್ಕೂ ಸಣ್ಣ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ. ಕಾಲಿನ ಬಲವೇ ಬ್ರೇಕು. ಭಾರದ ಎಂಜಿನ್ ಮುಂದೆ ಕೂತರೆ ಇಳಿಯುವಾಗ ಮುಂದಿನ ಡ್ರಮ್ಮುಗಳ ಮೇಲೆ ಹೊರೆ ಹೆಚ್ಚು. ಎಂಜಿನ್ನಿಗೆ ಲಕ್ಷ ಸುರಿದವನು ಮಾಸ್ಟರ್ ಸಿಲಿಂಡರಿನ ರಬ್ಬರಿಗೆ ಮುನ್ನೂರು ರೂಪಾಯಿ ಕೊಡಲು ಹಿಂದೆ ಮುಂದೆ ನೋಡುವುದನ್ನು ನಾನೇ ಕಂಡಿದ್ದೇನೆ.

ಜಿಪ್ಸಿಯ ಕತೆ ಇನ್ನೂ ಕೆಟ್ಟದು. ಮಾರುತಿಯವರು 1985ರಲ್ಲಿ ತಂದ ಜಿಪ್ಸಿ ಕೊನೆಯವರೆಗೂ ಕಂಪೆನಿಯಿಂದ ಪೆಟ್ರೋಲಿನಲ್ಲೇ ಬಂತು. ಬೂಸ್ಟರ್ ಇರುವ ಜಿಪ್ಸಿಯಲ್ಲಿ ಆ ಬೂಸ್ಟರಿಗೆ ಬೇಕಾದ ಎಳೆತ ಸಿಗುವುದು ಎಂಜಿನ್ ಗಾಳಿ ಎಳೆಯುವ ದಾರಿಯಿಂದ, ಅಂದರೆ ನಾನು ಮೇಲೆ ಹೇಳಿದ ಆ ಬಾಗಿಲಿನ ಹಿಂದಿನಿಂದ. ಡೀಸೆಲಿನಲ್ಲಿ ಆ ಎಳೆತ ಇಲ್ಲ. ಅದಕ್ಕೇ ಕಂಪೆನಿಯ ಡೀಸೆಲ್ ಗಾಡಿಗಳಲ್ಲಿ ವ್ಯಾಕ್ಯೂಮ್ ಪಂಪ್ ಬೇರೆ ಇರುತ್ತದೆ, ಹಲವುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡು. ಎಂಜಿನ್ ಬದಲಿಸುವಾಗ ಆ ಪಂಪನ್ನು ಬಿಟ್ಟರೆ ಬೂಸ್ಟರ್ ಸತ್ತ ಹಾಗೆ. ಪೆಡಲ್ ಕಲ್ಲಿನಂತೆ ಗಟ್ಟಿ. ನಮ್ಮ ಕಡೆ ಒಬ್ಬರು ಹಾಗೆ ಮಾಡಿಸಿದ ಜಿಪ್ಸಿಯಲ್ಲಿ ಮೂವರು ಕೆಲಸದವರನ್ನೂ ಏಳು ಗೋಣಿ ಅಡಿಕೆಯನ್ನೂ ತುಂಬಿಕೊಂಡು ಇಳಿದರು. ಎರಡು ಕಾಲು ಸೇರಿಸಿ ಒತ್ತಿದರೂ ನಿಲ್ಲಲಿಲ್ಲ. ಬರೆಗೆ ತಾಗಿಸಿ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಒಬ್ಬ ಕೆಲಸದವನ ಕೈ ಮುರಿಯಿತು, ಆ ವರ್ಷ ಅವ ಮರ ಹತ್ತಲಿಲ್ಲ. ಎಂಜಿನ್ ಮಾತ್ರ ಚೆನ್ನಾಗಿಯೇ ಇತ್ತು. ಅದೇ ನಾನು ಹೇಳುವುದು.

"ನಮ್ಮ ಮೆಕ್ಯಾನಿಕ್ ಗೊತ್ತಿದ್ದವ" ಎನ್ನುತ್ತಾರೆ. ಮೆಕ್ಯಾನಿಕನ ವಿದ್ಯೆಗೆ ನಾನು ಕೈ ಮುಗಿಯುತ್ತೇನೆ. ಒಂದು ಕಂಪೆನಿಯ ಎಂಜಿನ್ನಿಗೂ ಇನ್ನೊಂದು ಕಂಪೆನಿಯ ಗೇರ್ ಬಾಕ್ಸಿಗೂ ನಡುವೆ ದಪ್ಪ ತಗಡಿನ ಪ್ಲೇಟನ್ನು ಲೇತಿನಲ್ಲಿ ಕಡೆದು, ಶಾಫ್ಟಿನ ನಡು ಒಂದೇ ಗೆರೆಯಲ್ಲಿ ಬರುವ ಹಾಗೆ ಕೂರಿಸುವುದು ಸಣ್ಣ ಕೆಲಸವಲ್ಲ. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಕೂಗುತ್ತದೆ. ಈ ಕೆಲಸ ಮಾಡುವ ಕೈಗಳು ಪುತ್ತೂರು, ಸುಳ್ಯದಲ್ಲೂ ಉಂಟು, ನಮ್ಮಲ್ಲೂ ಉಂಟು. ಆದರೆ ಅವರು ಮಾಡುವುದು ಮಾಲೀಕ ಕೇಳಿದ್ದನ್ನು. ಮಾಲೀಕ ಎಂಜಿನ್ ಕೇಳುತ್ತಾನೆ, ಬ್ರೇಕ್ ಕೇಳುವುದಿಲ್ಲ. ತಪ್ಪು ಪಾನೆ ಹಿಡಿದವನದ್ದಲ್ಲ, ದುಡ್ಡು ಹಿಡಿದವನದ್ದು.

ಇನ್ನು ಕಾಗದದ ವಿಷಯ. ಮೆಕ್ಯಾನಿಕ್ ಎಷ್ಟೇ ಗೊತ್ತಿದ್ದವನಾದರೂ ಆರ್.ಸಿ. ತಿದ್ದಲಾರ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಹೇಳಿದ ವಿವರಕ್ಕೂ ಆರ್.ಸಿ.ಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಎಂಜಿನ್ ಬದಲಿಸಿದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕೆಂದೂ ಅದರಲ್ಲೇ ಉಂಟು. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷ ಬಂದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡ ದೊಡ್ಡ ವಿಷಯವಲ್ಲ, ಕಟ್ಟಿ ಬರಬಹುದು. ಹೆದರಬೇಕಾದದ್ದು ವಿಮೆಗೆ. ಆರ್.ಸಿ.ಯಲ್ಲಿ ಪೆಟ್ರೋಲ್ ಎಂದು ಉಂಟು, ಗಾಡಿಯಲ್ಲಿ ಡೀಸೆಲ್ ಉಂಟು, ಎಂಜಿನ್ ನಂಬ್ರ ಬೇರೆ. ಅಪಘಾತ ಆದಾಗ ವಿಮೆಯವರು ಮೊದಲು ನೋಡುವುದು ಅದನ್ನೇ. ಅವರು ತಗಾದೆ ತೆಗೆದರೆ ಕೇಸು ಎಷ್ಟು ವರ್ಷ ಎಳೆಯುತ್ತದೆ ಎಂದು ದೇವರಿಗೇ ಗೊತ್ತು. ಅಷ್ಟು ವರ್ಷ ಆಸ್ಪತ್ರೆಯ ಬಿಲ್ಲು ಕಟ್ಟುವವರು ಯಾರು? ಹಿಂದಿನ ಸೀಟಿನಲ್ಲಿ ಕೂತಿದ್ದ ಕೆಲಸದವಳು. ಅವಳು ಎಂಜಿನ್ ಬದಲಿಸಲು ಹೇಳಿದವಳಲ್ಲ. ಅವಳಿಗೆ ಅದು ಗೊತ್ತೂ ಇಲ್ಲ. ಮಾಲೀಕನ ಶೋಕಿಗೆ ಅವಳ ಬೆನ್ನುಮೂಳೆ ಅಡವು. ಇದನ್ನು ನಾನು ಅನ್ಯಾಯ ಎನ್ನದೆ ಬೇರೆ ಏನೆನ್ನಲಿ?

"ಆದರೆ ಉಳಿತಾಯ?" ಎಂದು ಕೊನೆಯ ಪ್ರಶ್ನೆ ಬರುತ್ತದೆ. ಸರಿ, ಅದನ್ನೂ ನೋಡೋಣ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಡೀಸೆಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅರ್ಧ ಬೆಲೆಯ ಕಾಲ ಮುಗಿಯಿತು. ಈಗ ಎರಡರ ನಡುವೆ ಲೀಟರಿಗೆ ಹತ್ತು ರೂಪಾಯಿಯ ಆಚೀಚೆ. ಪೆಟ್ರೋಲ್ 105, ಡೀಸೆಲ್ 95 ಎಂದು ಇಟ್ಟುಕೊಳ್ಳಿ. ಪೆಟ್ರೋಲಿನಲ್ಲಿ ಲೀಟರಿಗೆ 8 ಕಿಲೋಮೀಟರ್, ಡೀಸೆಲಿನಲ್ಲಿ 12 ಎಂದೂ ಇಟ್ಟುಕೊಳ್ಳಿ. ಬದಲಾವಣೆಯ ಖರ್ಚು ಒಂದೂವರೆ ಲಕ್ಷ ಎನ್ನೋಣ. ವರ್ಷಕ್ಕೆ 6000 ಕಿಲೋಮೀಟರ್ ದುಡಿಯುವ ಜೀಪಿಗೆ ಪೆಟ್ರೋಲ್ 78,750 ರೂಪಾಯಿ, ಡೀಸೆಲ್ 47,500. ವರ್ಷಕ್ಕೆ ಉಳಿಯುವುದು 31,250. ಹಾಕಿದ ದುಡ್ಡು ಹಿಂದೆ ಬರಲು ಐದು ವರ್ಷದ ಹತ್ತಿರ ಬೇಕು, ಅದೂ ನಡುವೆ ಏನೂ ಮುರಿಯದಿದ್ದರೆ. ಮಳೆಗಾಲದಲ್ಲಿ ಕೆಸರು ಹಾರಿಸಲು, ಜಾತ್ರೆಗೆ ಹೋಗಿ ಬರಲು ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ಜೀಪಿಗೆ? ಇಪ್ಪತ್ತೆಂಟು ವರ್ಷ ಕಳೆದರೂ ಬರುವುದಿಲ್ಲ. ಅಷ್ಟರಲ್ಲಿ ಹೊಸದಾಗಿ ನೆಟ್ಟ ಅಡಿಕೆ ಸಸಿ ಫಲ ಕೊಟ್ಟು ಮುದಿಯಾಗುವ ಹೊತ್ತು. ಹಾಗಾಗಿ ಉಳಿತಾಯದ ಮಾತು ಬೇಡ. ಶೋಕಿ ಎಂದರೆ ಶೋಕಿ ಎನ್ನಿ, ನಾನು ಒಪ್ಪುತ್ತೇನೆ. ಶೋಕಿ ಮಾಡುವವರು ತಮ್ಮ ಜಾಗದಲ್ಲಿ, ಒಬ್ಬರೇ ಕೂತು, ಬೇರೆಯವರನ್ನು ಹತ್ತಿಸದೆ ಮಾಡಲಿ.

ಹಾಗಾದರೆ ಬಳಲಿದ ಜೀಪಿಗೆ ಏನು ಮಾಡುವುದು? ಮೊದಲು ಇದ್ದ ಎಂಜಿನ್ನಿಗೆ ಬೋರ್ ಮಾಡಿಸಿ, ವಾಲ್ವ್ ಕೂರಿಸಿ, ಕಾರ್ಬ್ಯುರೇಟರ್ ಸರಿ ಮಾಡಿ. ಹತ್ತರಲ್ಲಿ ಎಂಟು ಜೀಪಿಗೆ ಅಷ್ಟೇ ಸಾಕು ಎಂಬುದು ನನ್ನ ಅನುಭವ. ಡೀಸೆಲೇ ಬೇಕೆಂದರೆ ಕಂಪೆನಿಯಿಂದಲೇ ಡೀಸೆಲ್ ಆಗಿ ಬಂದ ಹಳೆ ಎಂಎಂ 540, ಕಮಾಂಡರ್, ಮಾರ್ಷಲ್ ಸಿಗುತ್ತವೆ. ಆರ್.ಸಿ. ನೋಡಿ, ಎಂಜಿನ್ ನಂಬ್ರ ಉಜ್ಜಿ ನೋಡಿ ತೆಗೆದುಕೊಳ್ಳಿ. ಎಂಜಿನ್ ಬದಲಿಸದೆ ಗತ್ಯಂತರವೇ ಇಲ್ಲ ಎಂದಾದರೆ ಮೊದಲು ಕಚೇರಿಗೆ ಹೋಗಿ, ಆಮೇಲೆ ಗ್ಯಾರೇಜಿಗೆ. ಗ್ಯಾರೇಜಿನಲ್ಲಿ ಮೊದಲು ಬ್ರೇಕು, ಸ್ಟಿಯರಿಂಗ್, ಮುಂದಿನ ಪ್ಲೇಟು. ಕೊನೆಗೆ ಎಂಜಿನ್.

ಸರಕಾರಕ್ಕೂ ಒಂದು ಮಾತು ಹೇಳಬೇಕು. ಗೊಬ್ಬರ, ಅಡಿಕೆ, ಹೆರಿಗೆಯ ಹೆಂಗಸರನ್ನು ಹೊತ್ತ ಜೀಪನ್ನೂ ಕೆಸರಿನಲ್ಲಿ ಕುಣಿಯುವ ಜೀಪನ್ನೂ ಕಾನೂನು ಒಂದೇ ಕಣ್ಣಿನಲ್ಲಿ ನೋಡುತ್ತದೆ. ಬಸ್ಸು ಬಾರದ ಊರಿಗೆ ಬಸ್ಸು ಕೊಡದೆ, ಜೀಪಿನವನ ಮೇಲೆ ಮಾತ್ರ ಕಣ್ಣಿಡುವುದು ಸರಿಯಲ್ಲ. ವರ್ಷಕ್ಕೊಂದು ಸಲ ಈ ಗುಡ್ಡೆಯ ಊರುಗಳಿಗೇ ಇನ್‌ಸ್ಪೆಕ್ಟರ್ ಬಂದು, ಹಳೆ ದುಡಿಯುವ ಜೀಪುಗಳನ್ನು ಭಾರ ಹೇರಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಲಿ. ನಿಂತದ್ದಕ್ಕೆ ಕಾಗದ ಸರಿ ಮಾಡುವ ದಾರಿ ಹೇಳಲಿ, ನಿಲ್ಲದ್ದನ್ನು ರಸ್ತೆಯಿಂದ ತೆಗೆಯಲಿ. ಹಾಗೆ ಮಾಡಿದರೆ ಕದ್ದು ಓಡಿಸುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ಅದುವರೆಗೆ ನಾವೇ ಮಾಡಬಹುದಾದದ್ದೂ ಉಂಟು. ನಮ್ಮ ವಾಚನಾಲಯದ ಗೋಡೆಯ ಮೇಲೆ ಆ 52ನೇ ಸೆಕ್ಷನ್ನನ್ನು ಕನ್ನಡದಲ್ಲಿ ಬರೆದು ಅಂಟಿಸೋಣ. ಮಾಸ್ಟ್ರುಗಳು ಮನಸ್ಸು ಮಾಡಿದರೆ ಒಂದು ಸಂಜೆಯ ಕೆಲಸ. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಪ್ರತಿ ಜೀಪಿನ ಆರ್.ಸಿ.ಯನ್ನೂ ರಕ್ಷಕರ ಸಭೆಯಲ್ಲಿ ತರಿಸಿ ನೋಡೋಣ. ಅದರಲ್ಲಿ ಪೆಟ್ರೋಲ್ ಎಂದು ಬರೆದಿದ್ದು, ಜೀಪು ಡೀಸೆಲಿನ ಹೊಗೆ ಬಿಡುತ್ತಾ ಬಂದರೆ, ಅದು ಎಷ್ಟೇ ಹತ್ತಿರದ ಸಂಬಂಧದವರದ್ದಾಗಿರಲಿ, ಮಕ್ಕಳನ್ನು ಹತ್ತಿಸುವುದು ಬೇಡ. ಭಾವ ಮುನಿದರೆ ಮುನಿಯಲಿ, ನಾಲ್ಕು ದಿನ ಬಿಟ್ಟು ಮಾತಾಡಿಯಾನು.